ಅಪ್ಪನ ಅಂಗಿಯಲ್ಲಿ ಬಂದ ಸೀಸ

ಮಗು ಊಟ ಮಾಡುವುದಿಲ್ಲ ಎಂಬ ದೂರು ಇಲ್ಲದ ಮನೆ ಯಾವುದಿದೆ? ಅದಕ್ಕೇ ಬ್ಯಾಟರಿ ರಿಪೇರಿಯವನ ಮನೆಯಲ್ಲಿಯೂ ಮೊದಮೊದಲು ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ತುತ್ತು ಬಾಯಿಯ ಹತ್ತಿರ ತಂದರೆ ಮಗಳು ಮುಖ ತಿರುಗಿಸುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು ಗೋಡೆಯ ಪಕ್ಕ ಮುದುಡಿ ಕೂರುತ್ತಿದ್ದಳು. ಅಜ್ಜಿ ಬಿಸಿನೀರು ಕುಡಿಸಿದಳು, ಅಮ್ಮ ಜಂತುಹುಳುವಿನ ಮಾತ್ರೆ ಕೊಟ್ಟಳು. ನೋವು ಹೋದಂತೆ ಮಾಡಿ ಮತ್ತೆ ಬಂದು ಕೂತಿತು.

ಆ ಮಗುವನ್ನು ಬೀದಿಯವರೆಲ್ಲ ಗುಬ್ಬಿ ಎಂದು ಕರೆಯುತ್ತಿದ್ದರು. ಕಣ್ಣು ಬಿಟ್ಟಾಗಿನಿಂದ ಮುಚ್ಚುವವರೆಗೆ ಬಾಯಿಗೆ ಬಿಡುವಿಲ್ಲದ ಹುಡುಗಿ. ದಾರಿಯಲ್ಲಿ ಹೋಗುವವರನ್ನು ತಡೆದು "ಎಲ್ಲಿಗೆ? ಯಾಕೆ? ನಾನೂ ಬರ್ಲಾ?" ಎಂದು ಕೇಳುವವಳು. ಅಂಥವಳು ಒಂದು ಸಂಜೆ ಹಿತ್ತಿಲಿನ ಕೋಳಿಯ ಕಡೆ ಬೆರಳು ತೋರಿಸಿ ಅಪ್ಪನ ಮುಖ ನೋಡಿದಳು. ತುಟಿ ಅಲ್ಲಾಡಿತು. ಮಾತು ಹೊರಗೆ ಬರಲಿಲ್ಲ.

"ಹೇಳು ಕಂದ, ಅದೇನು?" ಎಂದ ಅಪ್ಪ.

ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಹೆಸರು. ಅವಳು ಹುಡುಕಿದಳು, ಸಿಗಲಿಲ್ಲ. ಸಿಟ್ಟಿಗೆದ್ದು ಅಳತೊಡಗಿದಳು. ಹೊಟ್ಟೆನೋವಿಗೆ ಕಾರಣ ಹುಡುಕಬಹುದು. ಆದರೆ ಬಾಯಲ್ಲಿದ್ದ ಮಾತು ಎಲ್ಲಿಗೆ ಹೋಯಿತು?

ಮರುದಿನವೇ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದ. ಡಾಕ್ಟರು ಮಗುವಿನ ಕಣ್ಣಿನ ರೆಪ್ಪೆ ಎಳೆದು ನೋಡಿದರು, ಹೊಟ್ಟೆ ಒತ್ತಿ ನೋಡಿದರು. ಆಮೇಲೆ ಮಗುವನ್ನು ಬಿಟ್ಟು ಅಪ್ಪನ ಉಗುರುಗಳನ್ನೇ ನೋಡುತ್ತ, "ನಿಮ್ಮ ಕೆಲಸ ಏನು?" ಎಂದು ಕೇಳಿದರು. ರಕ್ತ ತೆಗೆದು ದೊಡ್ಡ ಆಸ್ಪತ್ರೆಗೆ ಪರೀಕ್ಷೆಗೆ ಕಳಿಸಿದರು.

ಫಲಿತಾಂಶ ತಂದವರು ನರ್ಸಕ್ಕ. ಆ ಬೀದಿಯ ಮಕ್ಕಳಿಗೆಲ್ಲ ಚುಚ್ಚುಮದ್ದು ಹಾಕಿದವರು, ಬೈದು ಬುದ್ಧಿ ಹೇಳುವ ಸಲಿಗೆ ಉಳ್ಳವರು. ಬಾಗಿಲು ಗಾಳಿಗೆ ಮುಚ್ಚದಿರಲೆಂದು ಒರಗಿಸಿಟ್ಟಿದ್ದ ಸೀಸದ ಗಟ್ಟಿಗೆ ಅವರ ಕಾಲು ಎಡವಿತು.

"ಅಯ್ಯೋ! ಬಾಗಿಲು ಕಾಯೋಕೆ ನಾಯಿ ಸಾಲದು ಅಂತ ಇದನ್ನ ಇಟ್ಟಿದ್ದೀರಾ?"

"ಅದು ಗುಬ್ಬಿಯ ಕುರ್ಚಿ ನರ್ಸಕ್ಕ. ಅದರ ಮೇಲೇ ಕೂತು ಬೀದಿ ನೋಡ್ತಾಳೆ," ಎಂದು ನಕ್ಕಳು ಅಜ್ಜಿ.

ನರ್ಸಕ್ಕ ನಗಲಿಲ್ಲ. ಚಾಪೆಯ ಮೇಲೆ ಕೂತು ನೀರು ಕುಡಿದು ಮೆಲ್ಲಗೆ ಹೇಳಿದರು. "ಮಗುವಿನ ರಕ್ತದಲ್ಲಿ ಸೀಸ ಸೇರಿದೆ ತಮ್ಮ. ಹೊಟ್ಟೆನೋವು ಅದರಿಂದಲೇ. ಮಾತು ತಪ್ಪೋದೂ ಅದರಿಂದಲೇ ಅಂತಾರೆ ಡಾಕ್ಟರು."

ಅವನು ತಲೆ ಕೊಡವಿದ. "ಆಗೋಕೆ ಸಾಧ್ಯವೇ ಇಲ್ಲ ಅಕ್ಕ. ನಾನೇನು ಮನೆಯೊಳಗೆ ಕರಗಿಸ್ತೀನಾ?"

ಹಾಗೆಂದದ್ದರಲ್ಲಿ ಸುಳ್ಳಿರಲಿಲ್ಲ. ಕೆಟ್ಟುಹೋದ ಬ್ಯಾಟರಿಗಳ ಹೊಟ್ಟೆ ಸೀಳಿ, ಒಳಗಿನ ತಗಡು ಕಿತ್ತು, ಕಬ್ಬಿಣದ ಬಾಣಲೆಯಲ್ಲಿ ಕರಗಿಸಿ, ಸೀಸದ ಗಟ್ಟಿ ಎರೆದು ಮಾರುವುದು ಅವನ ಜೀವನ. ಅದಕ್ಕಾಗಿ ಮನೆಗಳ ಹಿಂದಿನ ಬಯಲಿನ ಆಚೆ ತುದಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ. ಶೆಡ್ಡಿನ ಮುಂದೆ ಬಿದಿರು ನೆಟ್ಟು ಅದರ ತುದಿಗೆ ಹಳೇ ಸೀರೆಯ ಚೂರು ಕಟ್ಟಿದ್ದ. ಬಟ್ಟೆ ಮನೆಗಳ ಕಡೆ ಹಾರಿದರೆ ಆ ದಿನ ಒಲೆಗೆ ಬೆಂಕಿ ಇಲ್ಲ. ಬಯಲಿನ ಕಡೆ ಹಾರಿದರೆ ಮಾತ್ರ ಕೆಲಸ. ಗಾಳಿಗೋಸ್ಕರ ಎಷ್ಟೋ ದಿನ ಕೈ ಕಟ್ಟಿ ಕೂತಿದ್ದಾನೆ. ಜೊತೆಯವರು "ಗಾಳಿ ಜೋಯಿಸ" ಎಂದು ಗೇಲಿ ಮಾಡುತ್ತಿದ್ದರು. ಮಾಡಲಿ, ನನ್ನ ಮಗಳಿಗೆ ಹೊಗೆ ತಾಗದಿದ್ದರೆ ಸಾಕು ಎಂದುಕೊಳ್ಳುತ್ತಿದ್ದ.

"ಗಾಳಿ ನೋಡ್ತೀಯ, ಗೊತ್ತು," ಎಂದರು ನರ್ಸಕ್ಕ. "ಆ ಬುದ್ಧಿ ಎಷ್ಟು ಜನಕ್ಕಿದೆ? ಆದ್ರೆ ಸೀಸ ಬರೀ ಹೊಗೆಯಲ್ಲಿ ಬರಲ್ಲಪ್ಪ. ಪುಡಿಯಾಗಿ ಬರುತ್ತೆ. ಸಂಜೆ ಮನೆಗೆ ಬಂದು ಮೊದಲು ಏನು ಮಾಡ್ತೀಯ?"

"ಏನು ಮಾಡ್ತೀನಿ? ಇವಳನ್ನ ಎತ್ಕೊಳ್ತೀನಿ."

"ಯಾವ ಅಂಗಿಯಲ್ಲಿ?"

ಒಳಗಿನಿಂದ ಹೆಂಡತಿ ಹೇಳಿದಳು. "ಕೆಲಸದ ಅಂಗೀಲೇ. ಅಪ್ಪನ ಅಂಗಿ ಇಲ್ದಿದ್ರೆ ಅವಳಿಗೆ ನಿದ್ದೆ ಬರಲ್ಲ ನರ್ಸಕ್ಕ. ಸುತ್ತಿ ದಿಂಬು ಮಾಡ್ಕೊಂಡು, ಅದರ ತೋಳು ಚೀಪ್ತಾ ಮಲಗ್ತಾಳೆ."

ಹೇಳಿದವಳಿಗೇ ತನ್ನ ಮಾತು ಕಿವಿಗೆ ಬಿದ್ದಂತಾಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅವನಿಗೆ ಸಿಟ್ಟು ಬಂತು. ಹೆದರಿಕೆ ಸಿಟ್ಟಿನ ಮುಖ ಹೊತ್ತು ಬರುವುದು ಹೊಸದೇನಲ್ಲ. "ಹಾಗಾದ್ರೆ ನನಗೂ ಏನಾದ್ರೂ ಆಗಬೇಕಿತ್ತಲ್ಲ? ಮೀಸೆ ಬರೋಕೆ ಮುಂಚೆಯಿಂದ ಇದೇ ಕೆಲಸ. ಕಲ್ಲಿನ ಹಾಗೆ ಇದ್ದೀನಿ!"

"ಕಲ್ಲು ಯಾಕಪ್ಪ ಸಂಜೆ ಹೊತ್ತು ಮೊಣಕೈ ತಿಕ್ಕೊಳ್ತಾ ಕೂರುತ್ತೆ?" ಎಂದಳು ಅಜ್ಜಿ.

ನರ್ಸಕ್ಕ ದನಿ ತಗ್ಗಿಸಿದರು. "ನಿನಗೂ ಆಗ್ತಾ ಇದೆ, ನಿಧಾನಕ್ಕೆ. ಆದ್ರೆ ನಿನ್ನ ಮೈ ಕಟ್ಟಿ ಮುಗಿದ ಮನೆ. ಅವಳದು ಇನ್ನೂ ಕಟ್ಟೋ ಮನೆ. ಮೂಳೆ, ಮಿದುಳು ಎಲ್ಲಾ ಈಗ ಏಳ್ತಾ ಇದೆ. ಸುಣ್ಣದಂಶ ಬೇಕು ಅಂತ ಮೈ ಕೇಳಿದಾಗ ಈ ಸೀಸ ಅದರ ವೇಷ ಹಾಕ್ಕೊಂಡು ಒಳಗೆ ನುಗ್ಗುತ್ತೆ. ಮಕ್ಕಳು ನೆಲ ಮುಟ್ಟಿ ಬೆರಳು ಬಾಯಿಗಿಡ್ತಾರೆ, ಅದಕ್ಕೇ ಅವರಿಗೇ ಜಾಸ್ತಿ."

ಅವನು ಎದ್ದ. ಗೂಟಕ್ಕೆ ನೇತುಹಾಕಿದ್ದ ಬಿಳಿ ಪಂಚೆಯ ತುದಿಯನ್ನು ನೀರಲ್ಲಿ ಅದ್ದಿ ಹಿಂಡಿದ. ಗುಬ್ಬಿ ಮಲಗುವ ಜಾಗದಲ್ಲಿ ಮಂಡಿಯೂರಿ ನೆಲ ಒರೆಸಿದ. ಯಾರೂ ಅವನಿಗೆ ಹಾಗೆ ಮಾಡೆಂದು ಹೇಳಿರಲಿಲ್ಲ. ಬೆಳಗ್ಗೆ ತಾನೇ ಗುಡಿಸಿದ ನೆಲ. ಬಟ್ಟೆ ತಿರುಗಿಸಿ ನೋಡಿದ.

ಒಲೆಯ ಬೂದಿ ಹಾಗಿರುವುದಿಲ್ಲ, ಬೀದಿಯ ಧೂಳಿಗೆ ಆ ಹೊಳಪಿಲ್ಲ. ಬೆರಳ ನಡುವೆ ತಿಕ್ಕಿದರೆ ಹಿಟ್ಟಿನಂತೆ ಜಾರುವ ಆ ಕಪ್ಪು ಬೂದು ಬಣ್ಣವನ್ನು ಕತ್ತಲಲ್ಲಿಯೂ ಗುರುತಿಸಬಲ್ಲವನು ಅವನು. ಅನ್ನ ಕೊಟ್ಟ ಬಣ್ಣ. ಮಗಳು ತಲೆಯಿಡುವ ಜಾಗದಲ್ಲಿ ಅದು ಮೆತ್ತಿಕೊಂಡಿತ್ತು.

"ನಾನೇ," ಎಂದ. ಮತ್ತೆ "ನಾನೇ ಹೊತ್ತು ತಂದೆ" ಎಂದ. ಪಂಚೆಯನ್ನು ಹಿಡಿದುಕೊಂಡು ಅಲ್ಲೇ ಕೂತುಬಿಟ್ಟ. ಮಗಳು ಹತ್ತಿರ ಬಂದಳು. ಅವನು ಮೊದಲ ಬಾರಿಗೆ ಅವಳಿಂದ ಹಿಂದೆ ಸರಿದ.

ಅಜ್ಜಿ ಕೈಮುಗಿದಳು. "ದೇವರೇ, ನೀನೇ ಕಾಪಾಡಬೇಕು."

"ಕಾಪಾಡ್ತಾನೆ ಅಜ್ಜಿ," ಎಂದರು ನರ್ಸಕ್ಕ. "ಮಗೂನ ನಮ್ಮ ಕೈಗೆ ಕೊಟ್ಟವನು, ಆ ಕೈ ತೊಳ್ಕೊಳ್ಳೋ ಕೆಲಸ ನಮಗೇ ಬಿಟ್ಟಿದ್ದಾನೆ."

"ಹೋದ ಮಾತು ವಾಪಸ್ ಬರುತ್ತಾ ಅಕ್ಕ?" ಕೇಳಿದವನು ಅವನು.

"ಸುಳ್ಳು ಹೇಳಲ್ಲ ತಮ್ಮ. ಎಲ್ಲಾ ಬರುತ್ತೆ ಅಂತ ಯಾರೂ ಮಾತು ಕೊಡೋಕಾಗಲ್ಲ. ಆದ್ರೆ ಇವತ್ತೇ ಸೀಸ ನಿಲ್ಲಿಸಿದ್ರೆ ಇನ್ನಷ್ಟು ಹೋಗೋದಂತೂ ತಪ್ಪುತ್ತೆ. ಚಿಕ್ಕ ಮಗು, ಚೇತರಿಸ್ಕೊಳ್ಳೋ ಶಕ್ತಿ ಇದೆ. ಡಾಕ್ಟರ ಹತ್ತಿರ ಮತ್ತೆ ರಕ್ತ ತೋರಿಸ್ಬೇಕು, ತಪ್ಪಿಸಬಾರದು."

ಆ ಮಧ್ಯಾಹ್ನ ಮನೆ ಮಗ್ಗುಲು ಬದಲಿಸಿತು. ಒಣ ಪೊರಕೆ ಮೂಲೆ ಸೇರಿತು. ಅದು ಪುಡಿಯನ್ನು ಎಬ್ಬಿಸುತ್ತದೆಯೇ ಹೊರತು ತೆಗೆಯುವುದಿಲ್ಲ. ಹೆಂಡತಿ ಸೋಪಿನ ನೀರಲ್ಲಿ ನೆಲ, ಕಿಟಕಿಯ ಕಟ್ಟೆ ಎಲ್ಲವನ್ನೂ ಒದ್ದೆ ಬಟ್ಟೆಯಿಂದ ಒರೆಸಿದಳು. ಬಾಗಿಲ ಗಟ್ಟಿ ಹೊರಗೆ ಹೋಯಿತು. ಮಂಚದ ಕೆಳಗೆ ಕಳ್ಳರ ಭಯಕ್ಕೆ ಇಟ್ಟಿದ್ದ, ಬ್ಯಾಟರಿ ತಗಡು ತುಂಬಿದ ಚೀಲಗಳೂ ಹೋದವು. ಮಗುವಿನ ತಟ್ಟೆಗೆ ಹಾಲು, ಸೊಪ್ಪು, ಬೇಳೆ ತಪ್ಪದೆ ಬಂದವು. ಹೊಟ್ಟೆ ತುಂಬಿದ ಮೈಗೆ ಸೀಸ ಅಷ್ಟು ಸುಲಭವಾಗಿ ಹತ್ತುವುದಿಲ್ಲ ಎಂದಿದ್ದರು ನರ್ಸಕ್ಕ.

ಶೆಡ್ಡಿನ ಒಲೆ ಆರಿತು. ಅದು ಹೇಳಿದಷ್ಟು ಸುಲಭವಾಗಿರಲಿಲ್ಲ. ಬರೀ ರಿಪೇರಿಯಿಂದ ಮನೆ ನಡೆಸುವುದು ಕಷ್ಟ ಎಂದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು. "ಕೈ ಬಿಗಿ ಮಾಡೋಣ ಬಿಡಿ. ಮಗು ಬಾಯಿ ಬಿಟ್ಟು ಕೇಳೋ ಹಾಗಾಗ್ಲಿ, ಆಮೇಲೆ ಏನು ಬೇಕಾದ್ರೂ ಕೇಳ್ಲಿ," ಎಂದಳು ಅವಳು. ಹಳೇ ಬ್ಯಾಟರಿಗಳನ್ನು ಈಗ ಅವನು ಒಡೆಯುವುದಿಲ್ಲ. ಆಸಿಡ್ಡು ಮೋರಿಗೆ ಸುರಿಯುವುದಿಲ್ಲ. ಇಡಿಯಾಗಿಯೇ ಕೂಡಿಸಿಟ್ಟು, ಪರವಾನಗಿ ಇರುವ ಕಾರ್ಖಾನೆಯ ಗಾಡಿ ಬಂದಾಗ ಕೊಡುತ್ತಾನೆ. ಒಬ್ಬನ ಒಲೆ ಆರಿದರೆ ಗಾಳಿ ಚೊಕ್ಕವಾಗುವುದಿಲ್ಲವಲ್ಲ? ಬಯಲಲ್ಲಿ ಕರಗಿಸುವ ಜೊತೆಯವರ ಮನೆಮನೆಗೂ ಹೋದ. ಗೇಲಿ ಮಾಡಿದವರ ಮುಂದೆ ಜಗಳಕ್ಕೆ ನಿಲ್ಲಲಿಲ್ಲ. "ನಿನ್ನ ಮಗ ಮಲಗೋ ಜಾಗ ಒಂದ್ಸಲ ಒದ್ದೆ ಬಟ್ಟೇಲಿ ಒರೆಸಿ ನೋಡೋ," ಎಂದಷ್ಟೇ ಹೇಳಿ ಬಂದ. ಕೆಲವರು ಬಾಗಿಲು ಹಾಕಿಕೊಂಡರು. ಕೆಲವರು ಒರೆಸಿ ನೋಡಿದರು. ನೋಡಿದವರು ಮಕ್ಕಳನ್ನು ಆಸ್ಪತ್ರೆಗೆ ಕರೆದೊಯ್ದರು.

ಸಂಜೆಗಳೇ ಅವನಿಗೆ ಕಠಿಣ. ರಿಪೇರಿ ಅಂಗಡಿಯಿಂದ ಬರುವಾಗ ಗುಬ್ಬಿ ಎರಡೂ ಕೈ ಚಾಚಿ ಓಡಿಬರುತ್ತಾಳೆ. ಅವನು ಕೈ ಅಡ್ಡ ಹಿಡಿದು "ನಿಲ್ಲು ಕಂದ" ಎನ್ನಬೇಕು. ಹೊರಗಿನ ನಲ್ಲಿಯಲ್ಲಿ ಕೈ, ತಲೆ, ಮೈ ತಿಕ್ಕಿ ತೊಳೆದು, ಕೆಲಸದ ಬಟ್ಟೆಯನ್ನು ಬೇರೆ ಬಕೆಟ್ಟಿಗೆ ಹಾಕಿ, ಒಗೆದ ಅಂಗಿ ತೊಟ್ಟು ಒಳಗೆ ಬರಬೇಕು. ಮೊದಲ ದಿನಗಳಲ್ಲಿ ಅವಳು ಅತ್ತಳು. ಆಮೇಲೆ ಮುನಿಸಿಕೊಂಡು ಬೆನ್ನು ತಿರುಗಿಸಿ ಕೂತಳು. ಮಗುವಿನ ಮುನಿಸನ್ನು ಅವನು ತಲೆ ತಗ್ಗಿಸಿ ಹೊತ್ತುಕೊಂಡ.

ಮರುಪರೀಕ್ಷೆಯಲ್ಲಿ ಸೀಸ ಇಳಿದಿತ್ತು. ಹೊಟ್ಟೆನೋವು ಬಿಟ್ಟಿತ್ತು. ಮಾತು ಮಾತ್ರ ಒಂದೊಂದೇ, ಅಳೆದು ಸುರಿದಂತೆ ಬರುತ್ತಿತ್ತು. ಹೀಗಿರುವಾಗ ಒಂದು ಸಂಜೆ ಅವನು ನಲ್ಲಿಯ ಕೆಳಗೆ ಕೂತು ತಲೆಗೆ ಸೋಪು ಹಚ್ಚಿಕೊಳ್ಳುತ್ತಿದ್ದ. ಗುಬ್ಬಿ ಹೊಸಿಲಲ್ಲಿ ನಿಂತು, ಸೊಂಟದ ಮೇಲೆ ಕೈಯಿಟ್ಟು, ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ಅಪ್ಪಾ, ಎಷ್ಟು ಹೊತ್ತು ತೊಳ್ಕೊಳ್ತೀಯ? ಬೇಗ ಬಾ, ನಂಗೆ ಕಾದು ಕಾದು ಸಾಕಾಯ್ತು!"

ಅಜ್ಜಿ ಒಳಗಿನಿಂದ ಓಡಿಬಂದಳು. ಅವನ ಕಣ್ಣಿಗೆ ಸೋಪು ಹೋಗಿತ್ತು. ಹೋಗಿದ್ದು ಸೋಪೇ ಎಂದು ಅವನು ಆಮೇಲೂ ಹೇಳುತ್ತಿದ್ದ.

ಕೇಳುತ್ತಿರುವ ತಾಯಂದಿರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ ಬ್ಯಾಟರಿ ಒಡೆಯುವ, ಸೀಸ ಕರಗಿಸುವ ಕೆಲಸ ಇದೆಯೇ? ಮನೆಯ ಹತ್ತಿರ ಅದನ್ನು ಮಾಡಬೇಡಿ, ಮಾಡಗೊಡಬೇಡಿ. ಹಳೇ ಬ್ಯಾಟರಿಯನ್ನು ಒಡೆಯದೆ, ಪರವಾನಗಿ ಇರುವವರಿಗೇ ಒಪ್ಪಿಸಿ. ಕೆಲಸದ ಬಟ್ಟೆಯಲ್ಲಿ ಮಕ್ಕಳನ್ನು ಎತ್ತಿಕೊಳ್ಳಬೇಡಿ. ಮಗುವಿಗೆ ಬಿಟ್ಟು ಬಿಟ್ಟು ಹೊಟ್ಟೆನೋವು ಬರುತ್ತಿದ್ದರೆ, ಮೈ ಬಿಳಿಚಿಕೊಂಡಿದ್ದರೆ, ಕಲಿತದ್ದು ಮರೆಯುತ್ತಿದ್ದರೆ ನಾಳೆಗೆ ತಳ್ಳಬೇಡಿ. ಆಸ್ಪತ್ರೆಗೆ ಹೋಗಿ, ನಿಮ್ಮ ಕೆಲಸ ಏನೆಂದು ಡಾಕ್ಟರಿಗೆ ಮುಚ್ಚಿಡದೆ ಹೇಳಿ, ರಕ್ತ ಪರೀಕ್ಷೆ ಮಾಡಿಸಿ. ನಾಚಿಕೆಪಡಬೇಕಾದ್ದು ಇದರಲ್ಲಿ ಏನೂ ಇಲ್ಲ. ಗೊತ್ತಿಲ್ಲದೆ ಹೊತ್ತು ತಂದದ್ದನ್ನು ಗೊತ್ತಾದ ದಿನವೇ ಹೊಸಿಲಾಚೆ ನಿಲ್ಲಿಸಿ.