ಆಲ್ಮೊಗೆ ಉತ್ತರ

ಉಣ್ಣೆ ಕತ್ತರಿಸಿದ ದಿನದ ಊಟ ನಮ್ಮ ಅಂಗಳದಲ್ಲೇ ಆಗಬೇಕು, ಊಟವಾದ ಮೇಲೆ ಮುದಿ ಕುರುಬ ಸೆತ್ತಿಮಿಯೊ ಹಾಡಬೇಕು. ರೋಮ್ ಆಚೆಯ ಈ ಬೆಟ್ಟಗಳ ಕುರುಬರು ನಿಂತ ನಿಲುವಿನಲ್ಲೇ ಎಂಟು ಸಾಲಿನ ಪದ್ಯ ಕಟ್ಟುತ್ತಾರೆ. ಒಬ್ಬನ ಕೊನೆಯ ಪ್ರಾಸವನ್ನು ಹಿಡಿದು ಎದುರಾಳಿ ಶುರುಮಾಡಬೇಕು. ಎದುರಾಳಿ ಇಲ್ಲದಿದ್ದರೆ ಹಾಡೂ ಇಲ್ಲ.

ಸೆತ್ತಿಮಿಯೊನ ಎದುರಾಳಿ ಕ್ವಿರೀನೊ ಕಳೆದ ಚಳಿಗಾಲದಲ್ಲಿ ತೀರಿಕೊಂಡ. ಅಂದಿನಿಂದ ಮುದುಕ ಬಾಯಿಗೆ ಬೀಗ ಹಾಕಿಕೊಂಡಿದ್ದ. ಇವತ್ತು ಒಂದು ಪದ್ಯ ಹಾಡುತ್ತೇನೆ, ಯಾರೂ ಎತ್ತಿಕೊಳ್ಳದಿದ್ದರೆ ಇದೇ ಕೊನೆ ಎಂದುಬಿಟ್ಟಿದ್ದ. ಮಹಾ ಹಟಮಾರಿ, ಹೇಳಿದ್ದನ್ನು ಮಾಡುವವನೇ.

ಊಟ ಮುಗಿದ ಮೇಲೆ ಮುದುಕ, ತನ್ನ ಗೆಳೆಯ ಕ್ವಿರೀನೊ ಮಲಗಿರುವ ಮಣ್ಣನ್ನು ಹಾಡಿ, 'ಆಲ್ಮೊ' ಎಂದು ಮುಗಿಸಿದ. ಹಾಲೂಡಿ ಪೊರೆಯುವಂಥದ್ದು ಎಂದರ್ಥ. ಅಡುಗೆಮನೆಯಲ್ಲಿ ಯಾರೂ ಆಡದ, ಹಳೆಯ ಕಾವ್ಯದ ಮಾತು. ಅದಕ್ಕೆ ಪ್ರಾಸ ಸಿಗುವುದೂ ಕಷ್ಟ. ಎಲ್ಲರೂ ತಟ್ಟೆ ನೋಡತೊಡಗಿದರು. ವರ್ಷವಿಡೀ ವಟಗುಟ್ಟುವ ನನ್ನ ಗಂಡನಿಗೆ ಆಗಲೇ ಚೀಸ್ ಹೆಚ್ಚುವ ಕೆಲಸ ನೆನಪಾಯಿತು.

ಎದ್ದು ನಿಂತವನು ದೋರು. ರೊಮೇನಿಯಾದಿಂದ ಬಂದು ಸೆತ್ತಿಮಿಯೊನ ಕುರಿ ಕಾಯುವವನು. ವರ್ಷಗಟ್ಟಲೆ ಹಾಡು ಕೇಳಿದ್ದನೇ ಹೊರತು ಬಾಯಿ ತೆರೆದವನಲ್ಲ. ನಮ್ಮ ಕಡೆಯೂ ಈ ಮಾತಿದೆ, ಆದರೆ ಪುಸ್ತಕದಲ್ಲಿ ಮಲಗಿದೆ ಎಂದು ಹಾಡಿದ; ಹೆತ್ತ ಮಣ್ಣು ದೂರ ಉಳಿಯಿತು, ನನ್ನನ್ನು ಸಾಕಿದ್ದು ಈ ಬೆಟ್ಟ ಎಂದ. ಕೊನೆಗೆ 'ರೊಟ್ಟಿ' ಎಂಬಲ್ಲಿ ನಿಲ್ಲಿಸಿದ.

ಚೆನ್ನಾಗಿಯೇ ಇತ್ತು. ಆದರೆ ಮೊದಲ ಸಾಲಿಗೆ ಪ್ರಾಸ ಸಿಗದೆ ಅದನ್ನೂ 'ಆಲ್ಮೊ' ಎಂದೇ ಮುಗಿಸಿದ್ದ. ಎದುರಾಳಿಯ ಮಾತನ್ನೇ ಮರಳಿಸುವುದಕ್ಕಿಂತ ದೊಡ್ಡ ತಪ್ಪು ನಮ್ಮಲ್ಲಿಲ್ಲ. ಬೆಂಚುಗಳಲ್ಲಿ ಕೂತವರು ಕಿಸಕ್ಕೆಂದು ನಕ್ಕರು. ಇದೇ ತಪ್ಪಿಗೆ ಸೆತ್ತಿಮಿಯೊ ಸ್ವಂತ ಅಳಿಯನನ್ನೇ ಹಾಡಿನ ನಡುವೆ ತಡೆದು ಕೂರಿಸಿದ್ದುಂಟು. ಈಗ ಮುದುಕ ಕೋಲೂರಿ ಎದ್ದ.

"ಲೋ, ನಾನ್ ಕೊಟ್ಟಿದ್ದನ್ನೇ ನಂಗೆ ವಾಪಸ್ ಕೊಡ್ತೀಯಾ? ಕ್ವಿರೀನೊ ಇದ್ದಿದ್ರೆ ನಿನ್ ಚರ್ಮ ಸುಲೀತಿದ್ದ."

"ಬೇರೆ ಸಿಗ್ಲಿಲ್ಲ ತಾತ," ಎಂದ ದೋರು, ತಲೆ ಎತ್ತದೆ. ಕೂರಲು ಹೊರಟ.

"ಕೂತ್ಕೋ ಅಂತ ಯಾರ್ ಹೇಳಿದ್ರು? ನಾನ್ ಮುಗಿಸೋದ್ರೊಳಗೆ ಹೊಸ ಪ್ರಾಸ ಹುಡುಕ್ಕೊಂಡಿರು."

ಮುದುಕ ಕಣ್ಣು ಮುಚ್ಚಿ, 'ರೊಟ್ಟಿ'ಯ ಪ್ರಾಸ ಹಿಡಿದು, ಎರಡನೆಯ ಪದ್ಯ ಎತ್ತಿಕೊಂಡ.