ಡ್ರೇಪರ್ ಸಾಹೇಬರ ಕೊನೆಯ ಅಪ್ಪಣೆ

ಹಾರ್ಲನ್ ಡ್ರೇಪರ್ ಹತ್ತೊಂಬತ್ತು ವರ್ಷಗಳಲ್ಲಿ ಮೈದಾನದ ಮೇಸ್ತ್ರಿ ಎಮಿಲ್ ಹ್ರುಷ್ಕಾನನ್ನು ಒಂಬತ್ತು ಸಲ ಕೆಲಸದಿಂದ ಕಿತ್ತುಹಾಕಿದ್ದ. ಒಂಬತ್ತು ಸಲವೂ ಎಮಿಲ್ ಮಾರನೆಯ ಬೆಳಿಗ್ಗೆ ಆರು ಗಂಟೆಗೆ ಏನೂ ಆಗದವನಂತೆ ಬಂದು ಹುಲ್ಲಿಗೆ ನೀರು ಬಿಟ್ಟಿದ್ದ. ಎಂಟರ ಹೊತ್ತಿಗೆ ಡ್ರೇಪರ್ ಮೈದಾನದ ಬೇಲಿಯ ಹತ್ತಿರ ಬಂದು, "ಮಣ್ಣು ಹೇಗಿದೆಯಯ್ಯಾ?" ಎಂದು ಕೇಳುತ್ತಿದ್ದ. "ಪರವಾಗಿಲ್ಲ ಸಾರ್" ಎಂದು ಇವನು ಹೇಳುತ್ತಿದ್ದ. ಅಲ್ಲಿಗೆ ನೌಕರಿ ವಾಪಸ್ಸು ಬಂದಂತೆ. ಕ್ಷಮೆ ಕೇಳುವುದು ಡ್ರೇಪರನ ಜಾತಕದಲ್ಲೇ ಇರಲಿಲ್ಲ, ಅದನ್ನು ನಿರೀಕ್ಷಿಸುವಷ್ಟು ದಡ್ಡ ಎಮಿಲನೂ ಅಲ್ಲ.

ಆದರೆ ಈ ಶನಿವಾರದ ಮಾತು ಬೇರೆ. ಲೇಕ್‌ಪೋರ್ಟ್ ಹೆರನ್ಸ್ ಬೇಸ್‌ಬಾಲ್ ತಂಡವನ್ನು ಡ್ರೇಪರ್ ಮಾರುತ್ತಿದ್ದಾನೆ, ಸೋಮವಾರ ಹೊಸ ಒಡತಿ ಫೆನ್ಸ್ಕೆ ಮೇಡಂ ಕೈಗೆ ಕೀಲಿಕೈ ಹೋಗುತ್ತದೆ ಎಂದು ಪತ್ರಿಕೆಗಳೆಲ್ಲ ದಪ್ಪಕ್ಷರದಲ್ಲಿ ಬರೆದಿದ್ದವು. ಬೆಳಿಗ್ಗೆ ಮೊಟ್ಟೆ ಹುರಿದು ತಟ್ಟೆಗೆ ಹಾಕುತ್ತಾ ಎಮಿಲನ ಹೆಂಡತಿ ಮಾರ್ಸೆಲ್ಲಾ ಅದನ್ನೇ ಹೇಳಿದ್ದಳು.

"ನೋಡು, ಇವತ್ತೊಂದಿನ ಬಾಯಿ ಮುಚ್ಕೊಂಡಿರು. ಅವನು ಏನಂದ್ರೂ ಹೂಂ ಅನ್ನು. ಇವತ್ತು ಕಿತ್ತುಹಾಕಿದ್ರೆ ಬೆಳಿಗ್ಗೆ ಎದ್ದು 'ಮಣ್ಣು ಹೇಗಿದೆ' ಅಂತ ಕೇಳೋಕೆ ಅವನು ಬರಲ್ಲ, ಗಂಟುಮೂಟೆ ಕಟ್ತಿರ್ತಾನೆ."

"ನಾನೇನು ಬೇಕೂಂತ ಜಗಳ ತೆಗೀತೀನಾ?"

"ಒಂಬತ್ತು ಸಲ ಏನು ಮಾಡ್ದೆ ಮತ್ತೆ? ಅವನ ಜೊತೆ ಲಾವಣಿ ಹಾಡಿದ್ಯಾ?"

ಎಮಿಲ್ ತಟ್ಟೆ ಹತ್ತಿರ ಎಳೆದುಕೊಂಡು ಮೊಟ್ಟೆ ತಿಂದ. ಅವನಿಗೆ ಐವತ್ತೆಂಟು. ಅಪ್ಪನ ಕೈಕೆಳಗೆ ಆ ಮೈದಾನದಲ್ಲಿ ಸಲಿಕೆ ಹಿಡಿದಾಗ ಇಪ್ಪತ್ತೇಳು. ಅಲ್ಲಿಯ ಕೆಂಪು ಜೇಡಿಮಣ್ಣಿನಲ್ಲಿ ಯಾವ ಮೂಲೆ ಬೇಗ ಆರುತ್ತದೆ, ಯಾವ ಮೂಲೆ ಮಧ್ಯಾಹ್ನದವರೆಗೆ ಹಸಿ ಇರುತ್ತದೆ ಎಂದು ಅವನು ಬರಿಗಾಲಲ್ಲಿ ನಿಂತು ಹೇಳಬಲ್ಲ. ಬೇರೆ ವಿದ್ಯೆ ಬರುವುದಿಲ್ಲ, ಬೇರೆ ಮೈದಾನ ಅವನಿಗೆ ಬೇಡ. ಆ ನೆಲ ಕೈತಪ್ಪಿದರೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಡ್ರೇಪರನ ಬಗ್ಗೆ ಊರಿನಲ್ಲಿ ಒಳ್ಳೆಯ ಮಾತಾಡಿದವರನ್ನು ಹುಡುಕಲು ದೀಪ ಹಿಡಿಯಬೇಕಿತ್ತು. ಹಾಸಿಗೆ ಅಂಗಡಿಗಳನ್ನಿಟ್ಟು ದುಡ್ಡು ಮಾಡಿದವನು, ಟಿವಿಯಲ್ಲಿ ಪೈಜಾಮ ತೊಟ್ಟು ತಾನೇ ಜಾಹೀರಾತಿಗೆ ಬರುತ್ತಿದ್ದವನು, ಒಂದು ದಿನ ಇದ್ದಕ್ಕಿದ್ದಂತೆ ಹೆರನ್ಸ್ ತಂಡದ ಧಣಿಯಾಗಿ ಕೂತ. ಅಲ್ಲಿಂದ ತಂಡವನ್ನು ಆಡಿಸುವ ಹದಿಮೂರು ಮ್ಯಾನೇಜರುಗಳನ್ನು ಮನೆಗೆ ಕಳಿಸಿದ. ಒಬ್ಬನನ್ನು ವಿಮಾನ ನಿಲ್ದಾಣದಲ್ಲಿ, ಇನ್ನೊಬ್ಬನನ್ನು ಅವನ ಮಗಳ ಮದುವೆ ಊಟದ ನಡುವೆ. ಊರೆಲ್ಲ ತಲೆ ಮೇಲೆ ಹೊತ್ತು ಕುಣಿಯುತ್ತಿದ್ದ ಆಟಗಾರನೊಬ್ಬ ಅಪೆಂಡಿಕ್ಸ್ ತೆಗೆಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವನನ್ನು ಬೇರೆ ತಂಡಕ್ಕೆ ಮಾರಿಬಿಟ್ಟ. ಪಾಪ, ಆತ ಆ ಸುದ್ದಿ ಕೇಳಿದ್ದು ವಾರ್ಡಿನ ರೇಡಿಯೋದಲ್ಲಿ. ಒಂದು ವರ್ಷ ಆಟಗಾರರಿಗೆಲ್ಲ ಸಾಸಿವೆ ಬಣ್ಣದ ಚಡ್ಡಿ ತೊಡಿಸಿದ. ಇನ್ನೊಂದು ವರ್ಷ ದಿಂಬಿನ ದಿನ ಎಂದು ಮಾಡಿ ಬಂದವರಿಗೆಲ್ಲ ಒಂದೊಂದು ದಿಂಬು ಹಂಚಿದ. ತಂಡ ಸೋಲುತ್ತಿದ್ದಂತೆ ಜನ ಆ ದಿಂಬುಗಳನ್ನು ಹರಿದು ಮೈದಾನಕ್ಕೆ ಎಸೆದರು. ಎಮಿಲ್ ಮೂರು ವಾರ ಹುಲ್ಲಿನಿಂದ ಪುಕ್ಕ ಹೆಕ್ಕಿದ. ಆ ಸಲ ಧಣಿಗೆ ಏನೋ ಅಂದದ್ದಕ್ಕೇ ನಾಲ್ಕನೆಯ ಬಾರಿ ಕೆಲಸ ಹೋದದ್ದು.

ಎಮಿಲ್ ಕೂಡ ಹಾಲಿನಲ್ಲಿ ತೊಳೆದ ಮುತ್ತೇನಲ್ಲ, ಅದನ್ನೂ ಹೇಳಿಬಿಡಬೇಕು. ಎದುರು ತಂಡದಲ್ಲಿ ಚುರುಕಾಗಿ ಓಡುವವನಿದ್ದರೆ ಅವನ ಕಾಲು ಜಾರಲೆಂದು ಮೊದಲ ಬೇಸಿನ ಬಳಿ ನಾಲ್ಕು ಬಕೆಟ್ ನೀರು ಜಾಸ್ತಿ ಬೀಳುತ್ತಿತ್ತು. ಚೆಂಡೆಸೆಯುವ ತಮ್ಮ ಪಿಚರನ ಎಸೆತಕ್ಕೆ ಹೊಡೆದ ಚೆಂಡು ನೆಲಕ್ಕಂಟಿ ಉರುಳುವಂಥದ್ದಾದರೆ, ಅದರ ವೇಗ ತಗ್ಗಲೆಂದು ಹುಲ್ಲು ಒಂದು ಬೆರಳು ಎತ್ತರ ಉಳಿಯುತ್ತಿತ್ತು. ಇದನ್ನು ಆ ದೇಶದ ಎಲ್ಲ ಮೈದಾನದ ಮೇಸ್ತ್ರಿಗಳೂ ಮಾಡುತ್ತಾರೆ, ಯಾರೂ ಒಪ್ಪಿಕೊಳ್ಳುವುದಿಲ್ಲ. ಎಮಿಲನ ಕಣ್ಣಲ್ಲಿ ಅದು ಮೋಸವಲ್ಲ, ಕಸುಬು.

ಆಟ ಒಂದೂವರೆಗೆ ಶುರುವಾಯಿತು. ಒಂಬತ್ತರಲ್ಲಿ ನಾಲ್ಕನೆಯ ಇನ್ನಿಂಗ್ಸ್ ಮುಗಿಯುವ ಹೊತ್ತಿಗೆ ಹೆರನ್ಸ್ ಒಂದೇ ಓಟ ಮಾಡಿತ್ತು, ಎದುರಾಳಿಗಳು ಏಳು ಬಾರಿಸಿದ್ದರು. ಮೇಲಿನ ಸಾಲಿನಲ್ಲಿ ಯಾರೋ "ಡ್ರೇಪರ್, ಹೊರಡು! ಸೋಮವಾರದವರೆಗೂ ಯಾಕೆ ಕಾಯ್ತೀಯ?" ಎಂದು ಕೂಗಿದರು, ಸುತ್ತಲಿನವರು ಕೇಕೆ ಹಾಕಿದರು. ಸರೋವರದ ಕಡೆಯಿಂದ ಸೀಸದ ಬಣ್ಣದ ಮೋಡ ಬರುತ್ತಿತ್ತು. ಎಮಿಲ್ ತನ್ನ ಶೆಡ್ಡಿನ ಬಾಗಿಲಲ್ಲಿ ನಿಂತು ಗಾಳಿಯ ವಾಸನೆ ನೋಡಿದ. ಹೆಚ್ಚೆಂದರೆ ಐದು ನಿಮಿಷ.

"ಕರ್ಟಿಸ್, ಎಲ್ಲರನ್ನೂ ಸುರುಳಿ ಹತ್ರ ನಿಲ್ಲಿಸು" ಎಂದ. ಕರ್ಟಿಸ್ ಅವನ ಬಲಗೈ, ಹನ್ನೆರಡು ವರ್ಷ ಜೊತೆಗಿದ್ದವನು. ಹದಿನಾರು ಆಳುಗಳು ಬೇಲಿಯ ಪಕ್ಕದ ದೊಡ್ಡ ಸುರುಳಿಯ ಹಿಂದೆ ಸಾಲಾದರು. ಮಳೆ ಬಂದಾಗ ಆ ಸುರುಳಿಯಲ್ಲಿ ಸುತ್ತಿಟ್ಟ ಟಾರ್ಪಾಲನ್ನು ಬಿಚ್ಚಿ, ಎಳೆದುಕೊಂಡು ಓಡಿ, ಜೇಡಿಯಂಗಳವನ್ನೆಲ್ಲ ಮುಚ್ಚಬೇಕು.

ಅಷ್ಟರಲ್ಲಿ ಶೆಡ್ಡಿನ ಫೋನ್ ಬಡಿದುಕೊಂಡಿತು. ಆ ನಂಬರು ಗೊತ್ತಿದ್ದವನು ಮೇಲೆ ಗಾಜಿನ ಕೋಣೆಯಲ್ಲಿ ಕೂತಿದ್ದ ಡ್ರೇಪರ್ ಒಬ್ಬನೇ.

"ಎಮಿಲ್, ಮಳೆ ಬರ್ತಿದೆ."

"ಕಾಣ್ತಿದೆ ಸಾರ್. ಎಲ್ಲಾ ರೆಡಿ."

"ರೆಡಿ ಮಾಡ್ಬೇಡ. ಐದನೇ ಇನ್ನಿಂಗ್ಸ್ ಮುಗಿಯೋಕ್ಮುಂಚೆ ಆಟ ನಿಂತ್ರೆ ಇದು ಲೆಕ್ಕಕ್ಕೇ ಇಲ್ಲ. ನಾಳೆ ಮೊದಲಿಂದ ಆಡ್ಬಹುದು. ನಿನ್ನ ಟಾರ್ಪಾಲು ಸ್ವಲ್ಪ ಸಿಕ್ಕಾಕ್ಕೊಳ್ಳಲಿ. ಮಡಿಕೆ ಬೀಳಲಿ, ಯಾವನಾದ್ರೂ ಜಾರಿ ಬೀಳಲಿ. ಹತ್ತು ನಿಮಿಷ ಸಾಕು, ನೆಲ ಕೆಸರಾಗುತ್ತೆ. ಆಮೇಲೆ ಬಿಸಿಲು ಬಂದ್ರೂ ಆಡೋಕಾಗಲ್ಲ."

ಎಮಿಲ್ ಬಾಗಿಲಾಚೆ ಸುರುಳಿಯ ಹಿಂದೆ ಸಾಲಾಗಿ ನಿಂತ ಆಳುಗಳತ್ತ ನೋಡಿದ.

"ಕೇಳಿಸ್ತಾ? ನನ್ನ ಕೊನೇ ಶನಿವಾರ ಕಣಯ್ಯಾ ಇದು. ಏಳು ಒಂದರಲ್ಲಿ ಸೋತು ಹೋಗ್ಲಾ?"

ಮಾರ್ಸೆಲ್ಲಾ ಹೇಳಿದ್ದ 'ಹೂಂ' ನಾಲಿಗೆಯ ತುದಿಗೆ ಬಂದಿತ್ತು. ಬಕೆಟ್ ನೀರು ಸುರಿ ಎಂದಿದ್ದರೆ ಸುರಿಯುತ್ತಿದ್ದ, ಹುಲ್ಲು ಬಿಡು ಎಂದಿದ್ದರೆ ಬಿಡುತ್ತಿದ್ದ. ಅವೆಲ್ಲ ನೆಲವನ್ನು ಒಂದು ರೀತಿ ಸಿಂಗರಿಸುವ ಕೆಲಸ. ಇದು ಹಾಗಲ್ಲ. ಮೂವತ್ತೊಂದು ವರ್ಷ ಜರಡಿ ಹಿಡಿದು, ಕುಟ್ಟಿ, ಸವರಿ ಮಾಡಿದ ಅಂಗಳ ಕಣ್ಣೆದುರು ಮುಳುಗುವಾಗ ಕೈಕಟ್ಟಿ ನಿಂತು ನೋಡಬೇಕು. ಮೊದಲ ಹನಿ ಶೆಡ್ಡಿನ ತಗಡಿನ ಮೇಲೆ ಬಿತ್ತು. ಹೊರಗೆ ಅಂಪೈರ್ ಎರಡೂ ಕೈ ಎತ್ತಿ ಮೈದಾನ ಮುಚ್ಚಲು ಸನ್ನೆ ಮಾಡಿದ.

ಎಮಿಲ್ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ರಿಸೀವರನ್ನು ಮೇಜಿನ ಮೇಲೆ ಅಂಗಾತ ಇಟ್ಟು ಹೊರಗೆ ಓಡಿದ.

"ತಳ್ರೋ!" ಎಂದು ಅವನು ಅರಚಿದ್ದು ಮೇಲಿನ ಸಾಲಿಗೂ ಕೇಳಿಸಿರಬೇಕು. ಸುರುಳಿ ಗುಡುಗುಡು ಉರುಳಿತು. ಮಳೆ ದಬದಬ ಹೊಡೆಯತೊಡಗಿತು. ಗಾಳಿ ಟಾರ್ಪಾಲಿನ ಒಂದು ಮೂಲೆಯನ್ನು ಎತ್ತಿ ಬಡಿದಾಗ ಎಮಿಲ್ ಅದರ ಮೇಲೆ ಬೋರಲು ಬಿದ್ದು ಹಿಡಿದುಕೊಂಡ.

"ಮುದುಕಾ, ಗಾಳಿಪಟ ಆಗ್ಬಿಡ್ತೀಯ!" ಎಂದು ಕರ್ಟಿಸ್ ಕೂಗಿದ.

"ನೀನು ಎಳೆಯೋ, ಮಾತಾಡ್ಬೇಡ!"

ಅವರು ಎಂದೂ ಅಷ್ಟು ಬೇಗ ಮುಚ್ಚಿದ್ದಿಲ್ಲ. ಕೊನೆಯ ಮರಳಿನ ಚೀಲ ಇಡುವಾಗ ಜನ ಎದ್ದು ಚಪ್ಪಾಳೆ ತಟ್ಟುತ್ತಿದ್ದರು. ಆ ವರ್ಷ ಅವರಿಗೆ ಚಪ್ಪಾಳೆ ತಟ್ಟಲು ಬೇರೆ ಕಾರಣಗಳೂ ಇರಲಿಲ್ಲ ಬಿಡಿ.

ಒದ್ದೆಯಾಗಿ ಶೆಡ್ಡಿಗೆ ಬಂದರೆ ರಿಸೀವರ್ ಇನ್ನೂ ಗೊಣಗುತ್ತಿತ್ತು. ಎಮಿಲ್ ಅದನ್ನು ಕಿವಿಗೆ ಹಿಡಿದ.

"ನಿನ್ನ ಕೆಲಸ ಹೋಯ್ತು!" ಎಂದ ಡ್ರೇಪರ್. ಫೋನ್ ಕಟ್ಟಾಯಿತು.

ಹತ್ತನೆಯ ಸಲ. ಎಮಿಲ್ ಗೊಬ್ಬರದ ಮೂಟೆಯ ಮೇಲೆ ಕೂತ. ಇಷ್ಟೇನಾ, ಎಂದುಕೊಂಡ. ಮಾರ್ಸೆಲ್ಲಾಗೆ ಏನು ಹೇಳುವುದು? ಕರ್ಟಿಸ್ ಬಾಗಿಲಲ್ಲಿ ನಿಂತು ಮುಖ ನೋಡಿಯೇ ಅರ್ಥ ಮಾಡಿಕೊಂಡ.

"ಮತ್ತೆ ಕಿತ್ತುಹಾಕಿದ್ನಾ?"

"ಹೂಂ."

"ನಾಳೆ ಬೆಳಿಗ್ಗೆ ಬಂದು ಮಣ್ಣು ಹೇಗಿದೆ ಅಂತಾನೆ ಬಿಡು."

"ಸೋಮವಾರ ಹೊಸಬರು ಬರೋ ಗಡಿಬಿಡಿಲಿ ಅವನಿಗೆ ಮಣ್ಣಿನ ಚಿಂತೆ ಎಲ್ಲಿರುತ್ತೆ? ಈ ಸಲ ಮುಗೀತು ಕಣೋ."

ಕರ್ಟಿಸ್ ತನ್ನ ಒಣ ಟವೆಲ್ ಬಿಚ್ಚಿ ಅವನ ಹೆಗಲ ಮೇಲೆ ಹಾಕಿದ.

ಮುಕ್ಕಾಲು ಗಂಟೆ ಸುರಿದು ಮಳೆ ನಿಂತಿತು. ಕೆಲಸ ಹೋದವನೇ ಎದ್ದು ಟಾರ್ಪಾಲು ತೆಗೆಸಿದ, ಅಂಚಿನಲ್ಲಿ ನಿಂತ ನೀರನ್ನು ಪೊರಕೆ ಹಿಡಿದು ಗುಡಿಸಿದ. ಒಳಗಿನ ಜೇಡಿ ಬೇಯಿಸಿದ ರೊಟ್ಟಿಯಂತೆ ಒಣಗಿತ್ತು. ಆಟ ಮುಂದುವರಿದು, ಹೆರನ್ಸ್ ಒಂಬತ್ತು ಎರಡರಲ್ಲಿ ಸೋತು, ಜನ ನಗುತ್ತಾ ಬೈಯುತ್ತಾ ಮನೆಗೆ ಹೋದರು.

ಹಿರಿಯ ಅಂಪೈರ್ ಲೂಥರ್ ಗ್ರೇಡಿ ಹೋಗುವ ದಾರಿಯಲ್ಲಿ ಶೆಡ್ಡಿನ ಮುಂದೆ ನಿಂತ. ಅಂಗೈಯಲ್ಲಿ ಗಡಿಯಾರವಿತ್ತು.

"ಮೈದಾನ ಮುಚ್ಚೋಕೆ ಒಂದು ನಿಮಿಷ ಐವತ್ತು ಸೆಕೆಂಡು" ಎಂದ. "ಡ್ರೇಪರ್ ಏನಾದ್ರೂ ಕಿತಾಪತಿ ಮಾಡ್ತಾನೆ ಅಂತ ಆ ಕಡೆಯವರು ಮೊದಲೇ ನನ್ನ ಕಿವಿ ಕಚ್ಚಿದ್ರು. ನೀವು ಬೇಕೂಂತ ತಡ ಮಾಡಿದ್ರೆ ಆಟ ಅವರಿಗೆ ಕೊಟ್ಟು, ಲೀಗಿಗೆ ಬರೆದು, ನಿಮ್ಮ ಹೆಸರನ್ನೂ ಸೇರಿಸ್ತಿದ್ದೆ. ಆಮೇಲೆ ಯಾವ ಮೈದಾನದವನೂ ನಿಮ್ಮನ್ನ ಒಳಗೆ ಬಿಟ್ಕೊಳ್ತಿರ್ಲಿಲ್ಲ. ಒಳ್ಳೇ ಕೆಲಸ ಮಾಡಿದ್ರಿ."

ಎಮಿಲ್ ತಲೆಯಾಡಿಸಿದ. ಕೆಲಸ ಹೋದದ್ದು ಹೋಯಿತು, ಮರ್ಯಾದೆ ಉಳಿಯಿತು. ಮನೆಗೆ ಅಷ್ಟನ್ನಾದರೂ ಒಯ್ಯಬಹುದು ಎಂದು ಸ್ವಲ್ಪ ಉಸಿರು ಬಿಟ್ಟ. ಖಾನೆಯಿಂದ ತನ್ನ ಕೈಗವಸು, ಅಪ್ಪನ ಹಳೆಯ ಕುಡುಗೋಲು ತೆಗೆದು ರಟ್ಟಿನ ಡಬ್ಬಿಗೆ ಹಾಕತೊಡಗಿದ.

ಆಗ ಡ್ರೇಪರ್ ಕಾಣಿಸಿಕೊಂಡ. ಮೈದಾನದ ನಡುವಿನಿಂದಲೇ ನಡೆದು ಬಂದ, ಮೇಲಂಗಿ ತೋಳಿನ ಮೇಲೆ, ಟೈ ಜೇಬಿನಲ್ಲಿ. ಎಪ್ಪತ್ತೆರಡರ ಮುದುಕ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ಎಮಿಲನಿಗೆ ದಿಗಿಲು ಹುಟ್ಟಿಸಿತು.

"ಏನಯ್ಯಾ, ಡಬ್ಬಿ ತುಂಬ್ತಿದೀಯ?"

"ಕೆಲಸ ಹೋಯ್ತು ಅಂದ್ರಲ್ಲ ಸಾರ್."

"ಗ್ರೇಡಿ ಮೇಲೆ ಬಂದಿದ್ದ. ಗಡಿಯಾರದ ಕಥೆ ಹೇಳ್ದ." ಡ್ರೇಪರ್ ಮೂಗು ಉಜ್ಜಿಕೊಂಡ. "ನೀನು ನನ್ನ ಮಾತು ಕೇಳಿದ್ದಿದ್ರೆ ಊರಿನವರೆಲ್ಲ ಸೇರಿ ನನ್ನನ್ನ ಆ ಟಾರ್ಪಾಲಲ್ಲೇ ಸುತ್ತಿಡ್ತಿದ್ರು. ಹದಿಮೂರು ಮ್ಯಾನೇಜರುಗಳಿದ್ರು, ಒಬ್ಬನಾದ್ರೂ ಹೀಗೆ ಫೋನ್ ಕೆಳಗಿಟ್ಟು ಓಡಿದ್ರೆ ನಾವು ಹತ್ತು ಕಪ್ ಗೆಲ್ತಿದ್ವೋ ಏನೋ."

"ಓಡಿದವರನ್ನ ನೀವು ಇಟ್ಕೊಳ್ತಿರ್ಲಿಲ್ಲ."

"ಹೌದು. ಇಟ್ಕೊಳ್ತಿರ್ಲಿಲ್ಲ." ಅವನು ಸುಮ್ಮನೆ ಒಪ್ಪಿಕೊಂಡ. "ಆ ಡಬ್ಬಿ ವಾಪಸ್ ಇಡು. ನಿನ್ನನ್ನ ಯಾರೂ ಕಿತ್ತುಹಾಕಿಲ್ಲ."

"ಫೋನಲ್ಲಿ ಮಾತಾಡಿದ್ದು ಯಾರು ಹಾಗಾದ್ರೆ?"

"ನಾನೇ. ಆದ್ರೆ ವಕೀಲರು ಬೆಳಿಗ್ಗೆ ತಿಂಡಿ ಹೊತ್ತಿಗೇ ಮನೆಗೆ ಬಂದ್ರು. ಹತ್ತು ಗಂಟೆಗೆ ಸಹಿ ಹಾಕ್ದೆ. ಸೋಮವಾರದ್ದು ಬರೀ ಫೋಟೋಗೆ. ಹತ್ತರಿಂದ ಈಚೆಗೆ ಈ ಮೈದಾನದ ಒಂದು ಹುಲ್ಲುಕಡ್ಡೀನೂ ನಂದಲ್ಲ. ನಿನ್ನ ಕಿತ್ತುಹಾಕೋಕೆ ನಾನ್ಯಾರು? ಮಳೆ ನೋಡ್ದೆ, ಕೈ ತಾನಾಗೇ ಫೋನಿಗೆ ಹೋಯ್ತು. ಹಳೇ ಚಟ." ಅವನು ಪಕಪಕ ನಕ್ಕ. "ಫೆನ್ಸ್ಕೆ ಮೇಡಂ ನನ್ನ ಪಕ್ಕದಲ್ಲೇ ಕೂತಿದ್ಳು ಕಣಯ್ಯಾ. ಎಲ್ಲಾ ಕೇಳಿಸ್ಕೊಂಡ್ಳು. ನೀನು ಓಡಿದ್ದು ನೋಡಿ, ಈ ಮನುಷ್ಯ ಇರೋವರ್ಗೂ ನೆಲದ ಬಗ್ಗೆ ನಾನು ಬಾಯಿ ಹಾಕಲ್ಲ ಅಂದ್ಳು."

ಎಮಿಲ್ ಬಾಗಿಲ ಚೌಕಟ್ಟು ಹಿಡಿದುಕೊಂಡ. ನಗು, ಅಳು, ಸಿಟ್ಟು ಮೂರೂ ಒಟ್ಟಿಗೆ ಬಂದವು. ಎರಡು ಗಂಟೆ ಹೊತ್ತು ಈ ಮುದುಕ ತನ್ನನ್ನು ಜೀವಂತ ಸುಟ್ಟನಲ್ಲ! ಆದರೂ ನೆಲ ಉಳಿಯಿತು. ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕೆಂದು ಅವನಿಗೆ ಗೊತ್ತಿತ್ತು. ಅವನು ಡಬ್ಬಿಯಿಂದ ಅಪ್ಪನ ಕುಡುಗೋಲು ತೆಗೆದು ಖಾನೆಯಲ್ಲಿ ವಾಪಸ್ ಇಟ್ಟ.

ಡ್ರೇಪರನೂ ಹಗುರಾದವನಂತೆ ಸುತ್ತ ನೋಡುತ್ತಿದ್ದ. "ಹತ್ತೊಂಬತ್ತು ವರ್ಷ ದಿನಾ ಯಾರನ್ನಾದ್ರೂ ಬೈದೇ ನಿದ್ದೆ ಮಾಡಿದ್ದು. ಇವತ್ತಿಂದ ಯಾರನ್ನೂ ಬೈಯೋ ಹಾಗಿಲ್ಲ. ಎಷ್ಟು ಆರಾಮಾಗಿದೆ ಗೊತ್ತಾ?"

ಎಮಿಲ್ ಅವನ ಕಾಲ ಕಡೆ ನೋಡಿದ. ಗಟ್ಟಿ ಹಿಮ್ಮಡಿಯ ಬೂಟುಗಳು ನೆನೆದ ಹುಲ್ಲಿನಲ್ಲಿ ಎರಡು ಬೆರಳು ಇಳಿದಿದ್ದವು.

"ಅಂದ್ರೆ ಇಲ್ಲಿ ಈಗ ನೀವು ಯಾರೂ ಅಲ್ಲ?"

"ಯಾರೂ ಅಲ್ಲ."

"ಹಾಗಾದ್ರೆ ನನ್ನ ಹುಲ್ಲಿನ ಮೇಲಿಂದ ಆಚೆ ಬನ್ನಿ ಸಾರ್."

ಡ್ರೇಪರನ ಮುಖ ಅಭ್ಯಾಸಬಲದಿಂದ ಕೆಂಪಾಯಿತು, ಬಾಯಿ ತೆರೆಯಿತು. ಆಮೇಲೆ ಅವನು ಬಾಯಿ ಮುಚ್ಚಿ, ಒಂದೊಂದೇ ಕಾಲನ್ನು ಜೋಪಾನವಾಗಿ ಎತ್ತಿಟ್ಟು, ಬೇಲಿಯ ಪಕ್ಕದ ಜಲ್ಲಿಯ ಹಾದಿಗೆ ಬಂದು ನಿಂತ.

"ಇಲ್ಲಿ ನಿಂತ್ಕೋಬಹುದಾ?" ಎಂದು ಕೇಳಿದ.

"ಅಲ್ಲಿ ಎಷ್ಟು ಹೊತ್ತು ಬೇಕಾದ್ರೂ ನಿಂತ್ಕೊಳ್ಳಿ" ಎಂದ ಎಮಿಲ್.