ಹಿಟ್ಟು ಕೇಳದ ಜಂಗು

ನಾನು ಒಂದು ಜಂಗು. ಭಿಕ್ಷೆಗೆ ಹೊರಟ ಜಂಗಮರು ಮೊಣಕಾಲ ಕೆಳಗೆ ಕಟ್ಟಿಕೊಳ್ಳುವ ಕಂಚಿನ ಗಂಟೆ. ಕಂಚುಗಾರನ ಒಲೆಯಲ್ಲಿ ಕರಗಿ, ಮಣ್ಣಿನ ಅಚ್ಚಿನಲ್ಲಿ ತಣ್ಣಗಾಗಿ ಹುಟ್ಟಿದೆ. ಶಿವನ ಹೆಸರು ಹೇಳಿ ನನ್ನನ್ನು ಮೊದಲು ಕಟ್ಟಿಕೊಂಡವರು ಗುರುಪಾದಯ್ಯನವರ ತಂದೆ. ಅವರು ಲಿಂಗೈಕ್ಯರಾದ ಮೇಲೆ ಗುರುಪಾದಯ್ಯನವರ ಕಾಲಿಗೆ ಬಂದೆ.

ಕಾಲಿನ ಮಟ್ಟದಲ್ಲಿ ಬದುಕುವ ನನಗೆ ಮುಖಗಳು ಕಾಣುತ್ತಿರಲಿಲ್ಲ. ಹೊಸ್ತಿಲು, ಪಾದ, ನಾಯಿ, ಗಾಲಿ, ಇಷ್ಟೇ ನನ್ನ ಲೋಕ. ಗಾಲಿಗಳನ್ನು ನಾನು ಎಂದೂ ನಂಬಲಿಲ್ಲ.

ಊರಿಗೂ ಶಾಲೆಗೂ ನಡುವೆ ಬೈಪಾಸ್ ರಸ್ತೆ ಬಂತು. ತಾಯಂದಿರು ಹೆದರಿ ಮಕ್ಕಳನ್ನು ಟಂಟಂ ಆಟೋದಲ್ಲಿ ತುಂಬಿ ಕಳಿಸತೊಡಗಿದರು. ಅಯ್ಯನವರ ಮೊಮ್ಮಗಳು ದಾಕ್ಷಾಯಣಿ ಚಾಲಕನ ಪಕ್ಕದ ಅಂಚಿನಲ್ಲಿ ಕೂತಿದ್ದಳು. ತಿರುವಿನಲ್ಲಿ ಜಾರಿ ಬಿದ್ದಳು. ಮನೆಗೆ ತಂದಾಗ ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ ಇತ್ತು.

ನನ್ನನ್ನು ಬಿಚ್ಚಿ ದೇವರ ಗೂಡಿನಲ್ಲಿಟ್ಟರು. ಅಯ್ಯನವರು ಲಿಂಗಪೂಜೆ ಬಿಡಲಿಲ್ಲ, ಭಿಕ್ಷೆಗೆ ಹೋಗುವುದನ್ನು ಬಿಟ್ಟರು. ಉಳಿದ ಮಕ್ಕಳು ಅದೇ ಟಂಟಂ ಹತ್ತಿ ಹೋಗುತ್ತಿದ್ದರು.

ಒಂದು ಮುಂಜಾನೆ ಅಯ್ಯನವರು ನನ್ನನ್ನು ಮತ್ತೆ ಕಟ್ಟಿಕೊಂಡರು. ಜೋಳಿಗೆ ಮಾತ್ರ ಗೂಟದಲ್ಲೇ ಉಳಿಯಿತು. ಜೋಳಿಗೆಯಿಲ್ಲದೆ ಎಂಥ ಭಿಕ್ಷೆ? ನನಗೆ ಅಲ್ಲಿಂದಲೇ ಅನುಮಾನ ಹತ್ತಿತು.

ಕಾಶವ್ವನ ಮನೆ ಮುಂದೆ ನಿಂತರು. ನನ್ನ ಸದ್ದು ಕೇಳಿ ಅವಳು ರೂಢಿಯಂತೆ ತಾಟಿನ ತುಂಬ ಜೋಳದ ಹಿಟ್ಟು ಹಿಡಿದು ಬಂದಳು.

"ಹಿಟ್ಟು ಬ್ಯಾಡ ತಾಯಿ. ನಿಮ್ಮ ಈರ್ಯಾನ್ನ ಕಳಸ್ರಿ."

"ಯಾಕ್ರಿ ಅಯ್ಯಾರ?"

"ಸಾಲಿಗೆ ನಡಿಸ್ಕೊಂಡು ಹೋಗ್ತೀನಿ."

ಬಾಗಿಲ ಸಂದಿಯಲ್ಲಿದ್ದ ಪುಟ್ಟ ಪಾದಗಳನ್ನು ಅವಳ ಪಾದ ಒಳಕ್ಕೆ ತಳ್ಳಿತು. ಪಕ್ಕದ ಕಟ್ಟೆಯ ಮುದುಕಿ ಅಂದಳು: "ಮೊಮ್ಮಗಳು ಹೋದ್ಮ್ಯಾಲ ಅಯ್ಯಾರ ತಲಿ ಸರಿ ಇಲ್ಲವ್ವ. ಹಿಟ್ಟು ಬಿಟ್ಟು ಕೂಸು ಬೇಡಾಕ ಬಂದಾರ. ಬಾಗಲಾ ಹಾಕ್ಕೋ."

ನನಗೂ ಹಾಗೆಯೇ ಅನ್ನಿಸಿತು. ತಮ್ಮ ಕೂಸು ಕಳೆದುಕೊಂಡವರು ಮಂದಿಯ ಕೂಸನ್ನು ಯಾಕೆ ಕೇಳಬೇಕು?

"ನನ್ನ ನಂಬಬ್ಯಾಡ್ರಿ," ಅಂದರು ಅಯ್ಯನವರು. "ಅನುಮಾನ ಇದ್ರ ಹಿಂದ ಬರ್ರಿ."

ಕಾಶವ್ವ ಬಂದಳು. ಅವಳು ಹಿಂದೆ ಇದ್ದಾಳೆಂದು ಇನ್ನಿಬ್ಬರು ತಾಯಂದಿರೂ ಮಕ್ಕಳನ್ನು ಬಿಟ್ಟರು. ಪ್ರತಿ ಹೊಸ್ತಿಲಲ್ಲೂ ಅಯ್ಯನವರು ಬಗ್ಗಿ, ಮಗುವಿನ ಎರಡೂ ಚಪ್ಪಲಿಯ ಪಟ್ಟಿ ಎಳೆದು ನೋಡುತ್ತಿದ್ದರು. ಮರುದಿನವೂ ಕಾಶವ್ವನ ಒಡೆದ ಹಿಮ್ಮಡಿಗಳು ನಮ್ಮ ಹಿಂದೆಯೇ ಇದ್ದವು. ಅಯ್ಯನವರು ನಿಂತರೆ ನಿಲ್ಲುವವು, ನಡೆದರೆ ನಡೆಯುವವು.

"ಅವ್ವಾ, ನೀನೂ ಸಾಲಿ ಸೇರ್ತಿ ಏನು?" ಈರ್ಯಾ ಕೆಣಕಿದ.

"ಬಾಯಿ ಮುಚ್ಚಿ ರಸ್ತಾ ನೋಡ್ಕೊಂತ ನಡಿ."

ಒಂದು ದಿನ ಬೈಪಾಸಿನಲ್ಲಿ ಲಾರಿಯೊಂದು ನಮಗಾಗಿ ನಿಂತಿತು. "ದಾಟ್ರಿ ಅಜ್ಜಾರ," ಎಂದು ಚಾಲಕ ಕೂಗಿದ. ಅಯ್ಯನವರ ಕಾಲು ಕದಲಲಿಲ್ಲ.

"ಪಾಪ, ನಿಂತಾನಲ್ರಿ. ಎಷ್ಟ ಹೊತ್ತು ಕಾಯಸ್ತೀರಿ?" ಕಾಶವ್ವ ರೇಗಿದಳು.

"ಇವ ನಿಂತಾನ ತಾಯಿ. ಲಾರಿ ಆಚಿ ಬಾಜೂಕ ಕಾಣದಂಗ ಬರೋನು ನಿಲ್ತಾನೇನು?"

ಮಾತು ಮುಗಿಯುವುದರೊಳಗೆ ಲಾರಿಯ ಆಚೆ ಬದಿಯಿಂದ ಮೋಟರ್‌ಸೈಕಲ್ಲೊಂದು ನುಗ್ಗಿತು. ಮಕ್ಕಳು ದಾಟಬೇಕಿದ್ದ ಜಾಗದಲ್ಲೇ ಧೂಳೆದ್ದಿತು. ಅಯ್ಯನವರು ಒಬ್ಬರೇ ಲಾರಿಯ ಮೂತಿಯವರೆಗೆ ಹೋಗಿ, ಆಚೆ ಇಣುಕಿ ನೋಡಿ, ಆಮೇಲೆ ಮಕ್ಕಳನ್ನು ಕರೆದರು. ಕಾಶವ್ವನ ಪಾದಗಳು ಅಂದು ಮೊದಲ ಸಲ ನನ್ನ ಪಕ್ಕಕ್ಕೆ ಬಂದು ನಡೆದವು. ಅವಳ ಅನುಮಾನ ಹೋಗಿರಲಿಲ್ಲ. ಅಯ್ಯನವರನ್ನು ಬಿಟ್ಟು ಗಾಲಿಗಳ ಕಡೆ ತಿರುಗಿತ್ತು.

ಮಳೆಗಾಲ ಕಳೆದ ಮೇಲೆ ಅಯ್ಯನವರು ಹಾಸಿಗೆ ಹಿಡಿದರು. ಕಾಶವ್ವ ಬಂದು ಕೇಳಿದಳು: "ಜಂಗು ಕೊಡ್ರಿ ಅಯ್ಯಾರ."

"ಹೆಣ್ಣಮಕ್ಕಳು ಕಟ್ಟಿಕೊಳ್ಳೋದಲ್ಲವ್ವ ಇದು."

"ಕಟ್ಟಿಕೊಳ್ಳಂಗಿಲ್ರಿ. ಕೈಯಾಗ ಹಿಡಕೊಂತೀನಿ."

ಅಯ್ಯನವರು ನನ್ನನ್ನು ಕಣ್ಣಿಗೊತ್ತಿಕೊಂಡು ಕೊಟ್ಟರು. ಕೆಲ ದಿನಗಳಲ್ಲೇ ಶಿವನು ಅವರನ್ನು ಮೊಮ್ಮಗಳ ಬಳಿಗೆ ಕರೆದುಕೊಂಡ.

ಈಗ ನನ್ನ ಅಂಚು ಬಿರಿದಿದೆ, ದನಿ ಒಡೆದಿದೆ. ಶಾಲೆಯಿಲ್ಲದ ಹೊತ್ತಿನಲ್ಲಿ ಕಾಶವ್ವನ ದೇವರ ಗೂಡಿನ ಪಕ್ಕದ ಮೊಳೆಯಲ್ಲಿ ತೂಗುತ್ತೇನೆ. ಶಿವನನ್ನು ನಂಬಿದ್ದೇನೆ. ಗಾಲಿಯನ್ನು ಈಗಲೂ ನಂಬುವುದಿಲ್ಲ.

ಕೈಗೆ ಏರಿದ ಮೇಲೆ ನನಗೆ ಮುಖಗಳು ಕಾಣುತ್ತವೆ. ಮೊನ್ನೆ ಊರಿಗೆ ಹೊಸದಾಗಿ ಬಂದ ಮನೆಯವಳು ನನ್ನ ಸದ್ದಿಗೆ ಹಿಟ್ಟಿನ ತಾಟು ಹಿಡಿದು ಬಂದಳು. ಮಗಳನ್ನು ಕಳಿಸು ಎಂದು ಕಾಶವ್ವ ಅಂದದ್ದೇ ಹುಬ್ಬು ಗಂಟಿಕ್ಕಿ, ಕೂಸನ್ನು ಸೆರಗಿನ ಹಿಂದಕ್ಕೆ ಎಳೆದುಕೊಂಡಳು. ಅಂದು ಕಾಶವ್ವನ ಮುಖವೂ ಹೀಗೇ ಇದ್ದಿರಬೇಕು.

"ನನ್ನ ನಂಬಬ್ಯಾಡವ್ವ," ಅಂದಳು ಕಾಶವ್ವ. "ಹಿಂದ ಬಾ."

ಅನಂತರ ಬಗ್ಗಿ, ಕೂಸಿನ ಎರಡೂ ಚಪ್ಪಲಿಯ ಪಟ್ಟಿ ಎಳೆದು ನೋಡಿದಳು.